ಮೊಳೆ ತೂತಿನ ಲೆಕ್ಕ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವ ದಿನ ಮನುಷ್ಯನ ನಿಜವಾದ ಯೋಗ್ಯತೆ ಗೊತ್ತಾಗುತ್ತದೆ. ಆ ದಿನ ನನ್ನ ಯೋಗ್ಯತೆ ಮೂರು ಮೊಳೆ ತೂತು.

ಓನರ್ ಬಂದರು. ಕೈಯಲ್ಲಿ ನೂರು ಪುಟದ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲ್. ನಾಲ್ಕು ವರ್ಷದ ಹಿಂದೆ, ನಾವಿನ್ನೂ ಹಾಲು ಉಕ್ಕಿಸುವ ಮೊದಲೇ, ಇದೇ ನೋಟ್‌ಬುಕ್ಕು ಹಿಡಿದು ಅವರು ಮನೆಯೆಲ್ಲ ಸುತ್ತಿದ್ದರು. ‘ಹಾಲ್: ಮೊಳೆ ತೂತು 4. ಅಡುಗೆಮನೆ: ಸಿಂಕ್ ಪಕ್ಕ ಟೈಲ್ಸ್ ಬಿರುಕು 1. ಬಚ್ಚಲು: ಬಕೆಟ್ ತಾಗಿದ ಗುರುತು, ಹಳೇದು.’ ಕೆಳಗೆ ನನ್ನ ಸಹಿ. ಈಗ ಅವರು ಹಾಲಿನ ಗೋಡೆಯನ್ನು ಕಣ್ಣಿನ ಡಾಕ್ಟರ ಹಾಗೆ ನೋಡಿ ಹೇಳಿದರು:

“ಸಾರ್, ಏಳಿದೆ.”

“ಮೂರು ಕ್ಯಾಲೆಂಡರ್ ಹಾಕಿದ್ವಿ ಸಾರ್.”

“ಮೂರು ಯಾಕೆ ಸಾರ್? ವರ್ಷ ಒಂದೇ ತಾನೆ?”

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ‘ಪೇಂಟಿಂಗ್ ಚಾರ್ಜು’ ಎಂದು ಹೋಯಿತು. ತೂತಿಗೆ ಮೂರನೇ ಒಂದು ತಿಂಗಳು.

ಅವತ್ತು ಹೊಟ್ಟೆ ಉರಿಯಿತು ನಿಜ. ಆದರೆ ಆಮೇಲೆ ಪ್ರಪಂಚದ ತೈಲ ವ್ಯವಹಾರದ ಬಗ್ಗೆ ಓದುತ್ತಾ ಹೋದಂತೆ ನಮ್ಮ ಓನರ್ ಮೇಲೆ ಭಕ್ತಿ ಹುಟ್ಟಿತು. ಅವರು ಬರೆದುಕೊಂಡ ಆ ಅರ್ಧ ಪುಟಕ್ಕೆ ತೈಲ ಕಂಪನಿಗಳ ಭಾಷೆಯಲ್ಲಿ ‘ಎನ್ವಿರಾನ್‌ಮೆಂಟಲ್ ಬೇಸ್‌ಲೈನ್ ಅಸೆಸ್‌ಮೆಂಟ್’ ಎಂಬ ಉದ್ದನೆಯ ಹೆಸರಿದೆ. ಬಾವಿ ಕೊರೆಯುವ ಮೊದಲು ಅಲ್ಲಿಯ ಮಣ್ಣು ಹೇಗಿತ್ತು, ನೀರು ಹೇಗಿತ್ತು, ಗಾಳಿ ಹೇಗಿತ್ತು, ಹೊಳೆಯಲ್ಲಿ ಯಾವ ಮೀನಿತ್ತು, ಜನರಿಗೆ ಯಾವ ಕಾಯಿಲೆ ಇರಲಿಲ್ಲ ಎಂದು ಬರೆದಿಡುವುದು. ಬರೆದಿಟ್ಟರೆ ನಾಳೆ ಕೆಟ್ಟದ್ದೆಷ್ಟು, ಕೆಡಿಸಿದವರು ಯಾರು ಎಂದು ಕೇಳಬಹುದು. ಬರೆದಿಡದಿದ್ದರೆ ಬಾಡಿಗೆದಾರ ಒಂದೇ ಮಾತು ಹೇಳುತ್ತಾನೆ: “ನಾವು ಬಂದಾಗಲೇ ಹೀಗಿತ್ತು ಸಾರ್.”

ವಿಜ್ಞಾನ ಇಷ್ಟೇ. ಉಳಿದದ್ದೆಲ್ಲ ನೋಟ್‌ಬುಕ್ಕು ಯಾರ ಕೈಯಲ್ಲಿದೆ ಎಂಬ ರಾಜಕೀಯ.

ನೈಜೀರಿಯಾಕ್ಕೆ ಹೋಗೋಣ. ಅಲ್ಲಿಯ ನೈಜರ್ ಮುಖಜ ಭೂಮಿಯ ಒಲೊಯಿಬಿರಿ ಎಂಬ ಹಳ್ಳಿಯಲ್ಲಿ 1956ರಲ್ಲಿ ಎಣ್ಣೆ ಸಿಕ್ಕಿತು. ಎರಡೇ ವರ್ಷಕ್ಕೆ, 1958ರಲ್ಲಿ, ಒಗೊನಿ ಜನರ ನಾಡಿನಲ್ಲೂ ಸಿಕ್ಕಿತು. ಸುಮಾರು ಸಾವಿರ ಚದರ ಕಿಲೋಮೀಟರಿನ ಪುಟ್ಟ ನಾಡು ಅದು. ಮರಗೆಣಸು ಬೆಳೆಯುವ ಹೊಲ, ಉಬ್ಬರ ಇಳಿತಕ್ಕೆ ಉಸಿರಾಡುವ ಹಿನ್ನೀರು, ಕಾಂಡ್ಲಾ ಕಾಡು, ಅದರ ಬೇರಿಗೆ ಅಂಟಿಕೊಂಡ ಚಿಪ್ಪು, ಏಡಿ, ಸಿಗಡಿ. ಕುಂದಾಪುರದ ಅಳಿವೆಯಲ್ಲಿ ಬೆಳೆದವರಿಗೆ ಒಗೊನಿಯ ಚಿತ್ರ ಬರೆದು ತೋರಿಸಬೇಕಿಲ್ಲ. ಬಾವಿ ಕೊರೆಯುವ ಮೊದಲು ಪರಿಸರದ ಅಂದಾಜು ಮಾಡಲೇಬೇಕು ಎಂಬ ಕಾನೂನು ನೈಜೀರಿಯಾದಲ್ಲಿ ಬಂದದ್ದು 1992ರಲ್ಲಿ. ಎಣ್ಣೆ ಸಿಕ್ಕ ಮೂವತ್ತಾರು ವರ್ಷಕ್ಕೆ. ಮದುವೆಯಾಗಿ ಮೊಮ್ಮಗಳ ನಾಮಕರಣ ಮುಗಿದ ಮೇಲೆ ಜಾತಕ ಕೂಡಿಬರುತ್ತದೆಯೇ ಎಂದು ನೋಡಿದ ಹಾಗೆ.

ನಗಬೇಡಿ. ನಮ್ಮ ಅಸ್ಸಾಮಿನ ದಿಗ್ಬೋಯಿಯಲ್ಲಿ ಎಣ್ಣೆ ಸಿಕ್ಕಿದ್ದು 1889ರಲ್ಲಿ. ಪರಿಸರ ಪರಿಣಾಮದ ಅಂದಾಜು ಕಡ್ಡಾಯವಾದದ್ದು 1994ರಲ್ಲಿ. ನೈಜೀರಿಯಾ ಮೂವತ್ತಾರು ವರ್ಷಕ್ಕೆ ನೋಟ್‌ಬುಕ್ಕು ಕೊಂಡಿತು, ನಾವು ನೂರ ಐದು ವರ್ಷ ಯೋಚಿಸಿ ಕೊಂಡೆವು. ಹಿರಿಯ ನಾಗರಿಕತೆ ಅವಸರ ಮಾಡುವುದಿಲ್ಲ.

ಅಂತೂ ಒಗೊನಿಯ ಸ್ಥಿತಿಯನ್ನು ಯಾರಾದರೂ ಸರಿಯಾಗಿ ಬರೆದುಕೊಂಡರೇ? ಬರೆದುಕೊಂಡರು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು. ಇನ್ನೂರಕ್ಕೂ ಹೆಚ್ಚು ಜಾಗ ನೋಡಿದರು, 122 ಕಿಲೋಮೀಟರ್ ಪೈಪ್‌ಲೈನ್ ದಾರಿ ನಡೆದರು, ನಾಲ್ಕು ಸಾವಿರಕ್ಕೂ ಹೆಚ್ಚು ಮಾದರಿ ತೆಗೆದರು, ಐದು ಸಾವಿರಕ್ಕೂ ಹೆಚ್ಚು ಜನರ ವೈದ್ಯಕೀಯ ದಾಖಲೆ ತಿರುವಿ ಹಾಕಿದರು. ಊರೂರಿನಲ್ಲಿ ಸಭೆ ಮಾಡಿದರು, 23,000 ಜನ ಸೇರಿದರು. ಹದಿನಾಲ್ಕು ತಿಂಗಳ ಶ್ರಮ. ವರದಿ ಬಂದದ್ದು 2011ರ ಆಗಸ್ಟ್‌ನಲ್ಲಿ. ಎಣ್ಣೆ ಸಿಕ್ಕ ಐವತ್ತಮೂರು ವರ್ಷಕ್ಕೆ, ಎಣ್ಣೆ ತೆಗೆಯುವುದನ್ನು ಶೆಲ್ ಕಂಪನಿ ನಿಲ್ಲಿಸಿ ಹದಿನೆಂಟು ವರ್ಷ ಕಳೆದ ಮೇಲೆ. ನಮ್ಮ ಓನರ್ ಇದನ್ನು ಕೇಳಿದ್ದರೆ ಕಿವಿಯ ಪೆನ್ಸಿಲ್ ಕೆಳಗೆ ಬೀಳುತ್ತಿತ್ತು.

ಆ ವರದಿಯಲ್ಲಿ ಇದ್ದದ್ದೇನು? ನಿಸಿಸಿಯೋಕೆನ್ ಒಗಾಲೆ ಎಂಬಲ್ಲಿ ಜನ ಕುಡಿಯುವ ಬಾವಿಯ ನೀರಿನಲ್ಲಿ ಬೆಂಜೀನ್. ಕ್ಯಾನ್ಸರ್ ತರುವ ರಾಸಾಯನಿಕ ಅದು. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿಗಿಂತ 900 ಪಟ್ಟು ಹೆಚ್ಚು. ಅಲ್ಲೇ ಹತ್ತಿರ ಅಂತರ್ಜಲದ ಮೇಲೆ ಎಂಟು ಸೆಂಟಿಮೀಟರ್ ದಪ್ಪ ಎಣ್ಣೆ ತೇಲುತ್ತಿತ್ತು. ನಮ್ಮ ಕಡೆ ಮದುವೆ ಮನೆ ಸಾರಿನಲ್ಲಿ ಒಗ್ಗರಣೆ ಕೂಡ ಅಷ್ಟು ದಪ್ಪ ತೇಲುವುದಿಲ್ಲ. ಆ ಎಣ್ಣೆ ಬಂದದ್ದು ಆರಕ್ಕೂ ಹೆಚ್ಚು ವರ್ಷದ ಹಿಂದಿನ ಒಂದು ಸೋರಿಕೆಯಿಂದ. ಆರು ವರ್ಷ ಆ ಊರು ಬಿಂದಿಗೆ ಇಳಿಸಿತ್ತು, ಎತ್ತಿತ್ತು.

ಇನ್ನೊಂದು ಪುಟ ನನಗೆ ತುಂಬ ಇಷ್ಟ. ಶೆಲ್ಲಿನ ಸ್ಥಳೀಯ ಅಂಗಸಂಸ್ಥೆ ತನ್ನ ದಾಖಲೆಯಲ್ಲಿ ‘ಶುಚಿ ಮಾಡಿ ಮುಗಿಸಿದೆ’ ಎಂದು ಬರೆದುಕೊಂಡಿದ್ದ ಹದಿನೈದು ಜಾಗಗಳಿಗೆ ತಂಡ ಹೋಗಿ ಅಗೆದು ನೋಡಿತು. ಹತ್ತರಲ್ಲಿ ಮಾಲಿನ್ಯ ಆ ಕಂಪನಿಯೇ ಒಪ್ಪಿಕೊಂಡಿದ್ದ ಮಿತಿಗಿಂತ ಜಾಸ್ತಿ. ಹದಿನೈದಕ್ಕೆ ಐದು ಅಂಕ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ ಇದಕ್ಕೆ ಫೇಲು ಅಂತಿದ್ದರು, ತೈಲದಲ್ಲಿ ‘ಕಾಮಗಾರಿ ಪೂರ್ಣಗೊಂಡಿದೆ’ ಅಂತಾರೆ.

ಹೇಗೆ ಶುಚಿ ಮಾಡಿದ್ದರು? ಬಹಳ ಸರಳ. ಎಣ್ಣೆ ಬಿದ್ದ ಮಣ್ಣನ್ನು ಉಳುಮೆ ಮಾಡಿ, ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸಲಿ ಎಂದು ಬಿಡುವುದು. ನಮ್ಮಲ್ಲಿ ಮನೆ ಗುಡಿಸಿ ಕಸವನ್ನು ಚಾಪೆ ಕೆಳಗೆ ತಳ್ಳುತ್ತಾರಲ್ಲ, ಅದನ್ನು ಇಂಗ್ಲಿಷಿನಲ್ಲಿ ಸ್ವಲ್ಪ ಉದ್ದವಾಗಿ ಬರೆದರೆ ಈ ವಿಧಾನ ಆಗುತ್ತದೆ. ಆದರೆ ಕಸ ಚಾಪೆ ಕೆಳಗೇ ನಿಲ್ಲಲಿಲ್ಲ. ನಾಡಿನ 49 ಕಡೆ ಎಣ್ಣೆ ಕನಿಷ್ಠ ಐದು ಮೀಟರ್ ಆಳಕ್ಕೆ ಇಳಿದಿತ್ತು. ಯಾವ ಸೂಕ್ಷ್ಮಜೀವಿಯೂ ಅಷ್ಟು ಆಳಕ್ಕೆ ಗುತ್ತಿಗೆ ಹಿಡಿದಿರಲಿಲ್ಲ.

ಸರ್ಕಾರದ ನಿಯಮವೂ ಕಡಿಮೆಯದಲ್ಲ. ಒಂದು ಕೆ.ಜಿ. ಮಣ್ಣಿನಲ್ಲಿ ಎಣ್ಣೆಯ ಅಂಶ 5,000 ಮಿಲಿಗ್ರಾಂ ದಾಟಿದರೆ ಕ್ರಮ ಕೈಗೊಳ್ಳಬೇಕು. ಶುಚಿಯ ಗುರಿ 50 ಮಿಲಿಗ್ರಾಂ. ಇದರಲ್ಲಿ ಗೊಂದಲ ಎಲ್ಲಿದೆ ಎಂದು ಕೇಳುತ್ತೀರಿ. ಗೊಂದಲ ಇಲ್ಲ, ಹುಟ್ಟಿಸಿದರು. ಎರಡು ಇಲಾಖೆಗಳು ನಿಯಮವನ್ನು ಎರಡು ರೀತಿ ಓದಿದವು. ಕಂಪನಿಗಳಿಗೆ ತಮಗೆ ಹಿತವಾದ ಓದು ಸಿಕ್ಕಿತು. ‘ಜ್ವರ 103 ಆದರೆ ಕರೆದುಕೊಂಡು ಬನ್ನಿ’ ಎಂದು ಡಾಕ್ಟರು ಹೇಳಿದರೆ, 102.9ಕ್ಕೆ ಇಳಿಸಿ ‘ಗುಣವಾಯಿತು’ ಎಂದು ಮಗುವನ್ನು ಶಾಲೆಗೆ ಕಳಿಸಿದ ಹಾಗೆ. ಶುಚಿ ಶುರುವಾಗಬೇಕಿದ್ದ ಗೆರೆಯಲ್ಲೇ ಶುಚಿ ಮುಗಿಯಿತು.

ಇದರ ನಡುವೆ 2008ರಲ್ಲಿ ಬೋಡೊ ಎಂಬ ಊರಿನ ಹಿನ್ನೀರಿಗೆ ಪೈಪು ಸೋರಿತು. ತಿಂಗಳುಗಟ್ಟಲೆ. ಒಮ್ಮೆ ಮುಚ್ಚಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಸೋರಿಕೆ. ಎಷ್ಟು ಸೋರಿತು ಎಂದು ಕಂಡುಹಿಡಿಯಲು ಅಲ್ಲಿ ‘ಜಂಟಿ ತನಿಖೆ’ ಎಂಬ ಪದ್ಧತಿ ಇದೆ. ಜಂಟಿ ಅಂದರೆ ಕಂಪನಿಯವರು, ಸರ್ಕಾರದವರು, ಊರಿನವರು ಎಲ್ಲ ಒಟ್ಟಿಗೆ ಹೋಗುವುದು. ದೋಣಿ ಕಂಪನಿಯದು, ಅಳೆಯುವ ಪರಿಣತಿ ಕಂಪನಿಯದು, ಬೆರಳಚ್ಚು ಊರಿನವರದು. ಮೊದಲ ಸೋರಿಕೆ 1,640 ಬ್ಯಾರೆಲ್ ಎಂದು ಕಾಗದ ಹೇಳಿತು. ಸೋರುವ ಪೈಪಿನ ವಿಡಿಯೊ ನೋಡಿ ಲೆಕ್ಕ ಹಾಕಿದ ಸ್ವತಂತ್ರ ತಜ್ಞರು ದಿನಕ್ಕೆ 1,440ರಿಂದ 4,320 ಬ್ಯಾರೆಲ್ ಎಂದರು. ಅಂದರೆ ಕಾಗದದ ಪ್ರಕಾರ ಇಡೀ ಸೋರಿಕೆ ಸುಮಾರು ಒಂದು ದಿನದ್ದು. ಉಳಿದ ದಿನಗಳಲ್ಲಿ ಪೈಪು ಬಹುಶಃ ಧ್ಯಾನ ಮಾಡುತ್ತಿತ್ತು.

ಮೀನು ಹೋಯಿತು, ಕಾಂಡ್ಲಾ ಕಪ್ಪಾಗಿ ನಿಂತಿತು. ಆಗ ಊರಿಗೆ ಕಂಪನಿಯಿಂದ ಪರಿಹಾರ ಸಾಮಗ್ರಿ ಬಂತು. ಐವತ್ತು ಚೀಲ ಅಕ್ಕಿ, ಐವತ್ತು ಚೀಲ ಬೀನ್ಸು, ಸಕ್ಕರೆ, ಟೊಮೆಟೊ, ಜತೆಗೆ ಕಡಲೆಕಾಯಿ ಎಣ್ಣೆ. ಈ ಕೊನೆಯ ಬಾಬತ್ತನ್ನು ಪಟ್ಟಿಗೆ ಸೇರಿಸಿದ ಗುಮಾಸ್ತನನ್ನು ಒಮ್ಮೆ ನೋಡಬೇಕೆಂಬ ಆಸೆ ನನಗೆ. ಎಣ್ಣೆ ಕೊಟ್ಟಿದ್ದಕ್ಕೆ ಎಣ್ಣೆ. ಊರಿನವರು ಅದನ್ನು ಒಲ್ಲೆ ಎಂದರು, ಲಂಡನ್ನಿನ ಕೋರ್ಟಿಗೆ ಹೋದರು. 2015ರಲ್ಲಿ ಕಂಪನಿ 5.5 ಕೋಟಿ ಪೌಂಡ್ ಕೊಡಲು ಒಪ್ಪಿತು. ಐವತ್ತು ಚೀಲ ಅಕ್ಕಿಯಿಂದ 5.5 ಕೋಟಿ ಪೌಂಡಿಗೆ ಏರಿದ ಈ ಬೆಲೆಯಲ್ಲಿ ಅಕ್ಕಿ ತುಟ್ಟಿಯಾದದ್ದು ಸೇರಿಲ್ಲ. ಕೇಳುವವನ ಹತ್ತಿರ ವಕೀಲನೂ ವಿಡಿಯೊವೂ ಇದ್ದದ್ದು ಸೇರಿದೆ.

ಎಲ್ಲ ಸೋರಿಕೆಯೂ ಕಂಪನಿಯದೇ ತಪ್ಪು ಎಂದು ನಾನು ಹೇಳಿದರೆ ಅದು ಸುಳ್ಳು. ಪೈಪು ಕೊರೆದು ಎಣ್ಣೆ ಕದಿಯುವವರಿದ್ದಾರೆ, ಕದ್ದ ಎಣ್ಣೆಯನ್ನು ಕಾಡಿನೊಳಗೆ ಡ್ರಮ್ಮಿನಲ್ಲಿ ಕಾಯಿಸುವವರಿದ್ದಾರೆ. ಆ ಮಾತು ವಿಶ್ವಸಂಸ್ಥೆಯ ವರದಿಯಲ್ಲೂ ಇದೆ. ಆದರೆ ಮೂರನೆಯವರು ಪೈಪು ಕೆಡಿಸಿದರೆ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಅಲ್ಲಿಯ ಕಾನೂನೇ ಹೇಳುತ್ತದೆ. ಹಾಗಾಗಿ ಪ್ರತಿ ತೂತಿಗೂ ಮೊದಲು ಕೇಳುವ ಪ್ರಶ್ನೆ ‘ಎಷ್ಟು ದೊಡ್ಡದು’ ಎಂದಲ್ಲ, ‘ಹೊಡೆದವರು ಯಾರು’ ಎಂದು. ಈ ಉಪಾಯ ನನಗೆ ಮೊದಲೇ ಗೊತ್ತಿದ್ದರೆ ಓನರ್‌ಗೆ ಹೇಳುತ್ತಿದ್ದೆ: “ಮೊಳೆ ನಾನು ಹೊಡೆದದ್ದಲ್ಲ ಸಾರ್, ಕಳ್ಳ ಬಂದು ಕ್ಯಾಲೆಂಡರ್ ಹಾಕಿ ಹೋದ.”

ಹಾಗಾದರೆ ಅಲ್ಲಿ ಓನರ್ ಯಾರು? ಕಥೆಯ ನಿಜವಾದ ಒಗ್ಗರಣೆ ಇಲ್ಲಿದೆ. 1969ರ ಕಾನೂನು ನೆಲದ ಕೆಳಗಿನ ಎಣ್ಣೆಯನ್ನು ಸರ್ಕಾರದ್ದು ಮಾಡಿತು. 1978ರ ಕಾನೂನಿನ ಪ್ರಕಾರ ನೆಲ ರಾಜ್ಯದ ಗವರ್ನರ್ ಕೈಯಲ್ಲಿ. ಶೆಲ್ ನಡೆಸುತ್ತಿದ್ದ ಜಂಟಿ ಉದ್ಯಮದಲ್ಲಿ ಶೇ. 55 ಪಾಲು ಸರ್ಕಾರದ ತೈಲ ಕಂಪನಿಯದು, ಶೆಲ್ಲಿನದು ಶೇ. 30. ಅಂದರೆ ಓನರೂ ಅವನೇ, ದೊಡ್ಡ ಬಾಡಿಗೆದಾರನೂ ಅವನೇ, ಗೋಡೆ ನೋಡಿ ದಂಡ ಹಾಕಬೇಕಾದ ಇನ್‌ಸ್ಪೆಕ್ಟರೂ ಅವನೇ. ಎಡಗೈ ಬಲಗೈಗೆ ನೋಟಿಸ್ ಕೊಡಬೇಕು. ಮನೆಯಲ್ಲಿ ತಲೆತಲಾಂತರದಿಂದ ಇದ್ದ ಜನ ಓನರೂ ಅಲ್ಲ, ಬಾಡಿಗೆದಾರರೂ ಅಲ್ಲ. ಅವರು ಗೋಡೆ. ಮೊಳೆ ಹೊಡೆಯುವಾಗ ಗೋಡೆಯ ಒಪ್ಪಿಗೆ ಕೇಳುವ ಪದ್ಧತಿ ನಮ್ಮ ಬೆಂಗಳೂರಿನಲ್ಲೂ ಇಲ್ಲ.

ಗೋಡೆಯೊಂದು ಬಾಯಿ ಬಿಟ್ಟದ್ದು ಉಂಟು. ಕೆನ್ ಸಾರೊ-ವಿವಾ ಎಂಬ ಬರಹಗಾರ, ಟಿ.ವಿ. ಧಾರಾವಾಹಿ ಬರೆದು ಜನರನ್ನು ನಗಿಸಿದವನು, ಒಗೊನಿಯ ನೋಟ್‌ಬುಕ್ಕನ್ನು ತಾನೇ ಕೈಗೆತ್ತಿಕೊಂಡ. ನಮ್ಮ ನೆಲ ಹೇಗಿತ್ತು, ಹೇಗಾಯಿತು ಎಂದು ಊರೂರು ತಿರುಗಿ ಹೇಳಿದ. 1993ರ ಜನವರಿಯಲ್ಲಿ ಲಕ್ಷಾಂತರ ಜನ ಅವನ ಜತೆ ಬೀದಿಗಿಳಿದರು. ಆ ವರ್ಷವೇ ಶೆಲ್ ಒಗೊನಿಯಿಂದ ಕಾಲು ತೆಗೆಯಿತು. 1995ರ ನವೆಂಬರ್ 10ರಂದು ಸೇನಾ ಸರ್ಕಾರ ಅವನನ್ನೂ ಜತೆಯ ಎಂಟು ಜನರನ್ನೂ ಗಲ್ಲಿಗೇರಿಸಿತು. ಮೂವತ್ತು ವರ್ಷ ಬಿಟ್ಟು, 2025ರ ಜೂನ್‌ನಲ್ಲಿ, ನೈಜೀರಿಯಾದ ಅಧ್ಯಕ್ಷರು ಆ ಒಂಬತ್ತು ಜನರಿಗೆ ‘ಕ್ಷಮಾದಾನ’ ನೀಡಿದರು. ಯಾರು ಯಾರನ್ನು ಕ್ಷಮಿಸಬೇಕಿತ್ತು ಎಂಬ ಬೇಸ್‌ಲೈನ್ ಮಾತ್ರ ಯಾರೂ ಅಳೆದಿರಲಿಲ್ಲ.

ಈಗ ಸ್ವಲ್ಪ ನಮ್ಮ ಮನೆ ಕಡೆ. ನಮ್ಮಲ್ಲಿ ಬೇಸ್‌ಲೈನ್ ಇಲ್ಲ ಎನ್ನುವ ಹಾಗಿಲ್ಲ, ಬೇಕಾದಷ್ಟಿದೆ. ಯೋಜನೆ ತರುವ ಕಂಪನಿಯೇ ಸಲಹೆಗಾರನನ್ನು ಆರಿಸುತ್ತದೆ, ಅದೇ ಅವನಿಗೆ ಹಣ ಕೊಡುತ್ತದೆ. ಅವನು ಯೋಜನೆಯ ಸುತ್ತ ಹತ್ತು ಕಿಲೋಮೀಟರ್ ವೃತ್ತ ಹಾಕಿಕೊಂಡು ಒಂದು ಋತುವಿನ ಅಂಕಿಅಂಶ ತೆಗೆಯುತ್ತಾನೆ, ಸಾಮಾನ್ಯವಾಗಿ ಮಳೆಗಾಲ ಬಿಟ್ಟು. ಆಗುಂಬೆಗೆ ಮಾರ್ಚ್‌ನಲ್ಲಿ ಹೋಗಿ ‘ಇಲ್ಲಿ ಕೊಡೆ ಬೇಕಿಲ್ಲ’ ಎಂದು ಬರೆದುಕೊಂಡು ಬಂದ ಹಾಗೆ. ಹಕ್ಕಿಗಳ ಪಟ್ಟಿ ಇರುತ್ತದೆ, ಅದರಲ್ಲಿ ಕಾಗೆ, ಮೈನಾ, ಬೆಳ್ಳಕ್ಕಿ ತಪ್ಪುವುದಿಲ್ಲ. ಮಹಾರಾಷ್ಟ್ರದ ರತ್ನಾಗಿರಿಯ ಒಂದು ಬಾಕ್ಸೈಟ್ ಗಣಿಯ ವರದಿಯಲ್ಲಂತೂ ಸ್ಪ್ರೂಸ್ ಮತ್ತು ಬರ್ಚ್ ಕಾಡುಗಳೇ ಇದ್ದವು. ರಷ್ಯಾದ ಗಣಿಯೊಂದರ ವರದಿಯಿಂದ ಎತ್ತಿ ತಂದದ್ದು. ಆಪೂಸ್ ಮಾವಿನ ಊರಿನಲ್ಲಿ ಹಿಮಪಾತವೊಂದು ಬಾಕಿ ಇತ್ತು.

ಇಷ್ಟಾದರೂ ಜನ ಕೇಳುವ ಒಂದು ದಿನ ಇರುತ್ತಿತ್ತು, ಸಾರ್ವಜನಿಕ ಅಹವಾಲು ಸಭೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಸರ್ಕಾರಿ ಕಾರಿನ ಸಾಹೇಬರು, ಮೈಕ್ ಹಿಡಿದು ಕೂಗುವ ರೈತ. ತೈಲ ಮತ್ತು ಅನಿಲದ ಶೋಧಕ್ಕೆ ಅದೂ ಬೇಡವೆಂದು 2020ರ ಜನವರಿಯಲ್ಲಿ ಕೇಂದ್ರದ ಪರಿಸರ ಸಚಿವಾಲಯ ಆದೇಶ ಹೊರಡಿಸಿತು. ಶೋಧದ ಬಾವಿಗಳನ್ನು ಸಭೆ ಬೇಕಿಲ್ಲದ ವರ್ಗಕ್ಕೆ ಇಳಿಸಿತು. ಅದೇ ವರ್ಷ ಮೇ 27ರಂದು ಅಸ್ಸಾಮಿನ ಬಾಗ್‌ಜಾನ್‌ನಲ್ಲಿ ಆಯಿಲ್ ಇಂಡಿಯಾದ ಬಾವಿಯೊಂದು ಬಾಯಿ ಕಿತ್ತುಕೊಂಡಿತು. ಅದು ಶೋಧದ ಬಾವಿಯಲ್ಲ, ಅನಿಲ ಕೊಡುತ್ತಿದ್ದ ಬಾವಿ. ಆದೇಶದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಆದರೆ ಬೆಂಕಿ ಕಾಗದ ಓದುವುದಿಲ್ಲ. ಜೂನ್ 9ಕ್ಕೆ ಹೊತ್ತಿಕೊಂಡದ್ದು ಆರಿದ್ದು ನವೆಂಬರ್ 15ಕ್ಕೆ. ಇಬ್ಬರು ಅಗ್ನಿಶಾಮಕರು ಸತ್ತರು. ಪಕ್ಕದಲ್ಲಿ ಡಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ, ಮಾಗುರಿ-ಮೊಟಾಪುಂಗ್ ಎಂಬ ಜೌಗು ಕೆರೆ. ಆ ಕೆರೆಯಲ್ಲಿ ಬಲೆ ಹಾಕುತ್ತಿದ್ದವನಿಗೆ ‘ಮೊದಲು ದಿನಕ್ಕೆ ಎಷ್ಟು ಮೀನು ಸಿಗುತ್ತಿತ್ತು, ದಾಖಲೆ ತೋರಿಸು’ ಎಂದರೆ ಅವನು ಏನು ತೋರಿಸಬೇಕು? ಅವನ ಬೇಸ್‌ಲೈನ್ ಅವನ ಹೆಂಡತಿಯ ಸಾರಿನ ಪಾತ್ರೆ. ಅದಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯದ ಮೊಹರಿಲ್ಲ.

ಮೀನಿನ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಒಂದು ಮಾತು ಬರೆದರು. ಪ್ರತಿ ತಲೆಮಾರೂ ತಾನು ಕಣ್ಣು ಬಿಟ್ಟಾಗ ಕಂಡದ್ದನ್ನೇ ‘ಮೊದಲಿನಿಂದ ಇದ್ದದ್ದು’ ಎಂದುಕೊಳ್ಳುತ್ತದಂತೆ. ಹಾಗಾಗಿ ಕಳೆದುಕೊಂಡದ್ದರ ಲೆಕ್ಕ ಪ್ರತಿ ತಲೆಮಾರಿಗೂ ಹೊಸದಾಗಿ ಸೊನ್ನೆಯಿಂದ ಶುರು. ಇದಕ್ಕೆ ನೈಜೀರಿಯಾದ ಟಿಕೆಟ್ ಬೇಡ. ಬೆಳ್ಳಂದೂರು ಕೆರೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿದ ಮಗುವಿಗೆ ಕೆರೆ ಅಂದರೆ ನೊರೆ, ಆಗಾಗ ಬೆಂಕಿ. ‘ಅಜ್ಜ ಇದರಲ್ಲಿ ಈಜುತ್ತಿದ್ದರು’ ಎಂದರೆ ಅದು ಅಜ್ಜನನ್ನು ಡಾಕ್ಟರಿಗೆ ತೋರಿಸಬೇಕು ಅನ್ನುತ್ತದೆ. ಬೋಡೊದಲ್ಲಿ ಸೋರಿಕೆಯ ವರ್ಷ ಹುಟ್ಟಿದ ಹುಡುಗ ಇವತ್ತು ಮೀಸೆ ಬಂದ ತರುಣ. ಹೊಳೆಯ ಬಣ್ಣ ಯಾವುದೆಂದು ಅವನನ್ನು ಕೇಳಿ ನೋಡಿ.

2025ರ ಮಾರ್ಚ್‌ನಲ್ಲಿ ಶೆಲ್ ನೈಜೀರಿಯಾದ ನೆಲದ ಮೇಲಿನ ತನ್ನ ತೈಲ ವ್ಯವಹಾರವನ್ನು ಮಾರಿ ಹೊರಬಿತ್ತು. ಕೊಂಡ ಒಕ್ಕೂಟದ ಹೆಸರು ರಿನೈಸೆನ್ಸ್, ಅಂದರೆ ಪುನರುಜ್ಜೀವನ. ಹಳೆ ಬಾಡಿಗೆದಾರ ಬೀಗದ ಕೈಯನ್ನು ಹೊಸಬನಿಗೆ ಕೊಟ್ಟು ಆಟೊ ಹತ್ತಿದ. ಒಗೊನಿಯಲ್ಲಿ ಮತ್ತೆ ಎಣ್ಣೆ ತೆಗೆಯುವ ಮಾತುಕತೆಯನ್ನು ಅಲ್ಲಿಯ ಸರ್ಕಾರವೂ ಶುರು ಮಾಡಿದೆ. ಈ ಸಲ ಎಲ್ಲ ಕ್ರಮಬದ್ಧ, ಕಾನೂನು ಇದೆ. ಕೊರೆಯುವ ಮೊದಲು ತಜ್ಞರು ಬರಬೇಕು, ಮಣ್ಣು ತೆಗೆಯಬೇಕು, ನೀರು ತುಂಬಿಸಿಕೊಳ್ಳಬೇಕು, ‘ಯೋಜನೆಗೆ ಮೊದಲಿನ ಸ್ಥಿತಿ’ ಎಂದು ಚಂದದ ಅಕ್ಷರದಲ್ಲಿ ಬರೆಯಬೇಕು. ಶುಚಿಗೇ ಇಪ್ಪತ್ತೈದು ಮೂವತ್ತು ವರ್ಷ ಬೇಕೆಂದು ವಿಶ್ವಸಂಸ್ಥೆ ಹೇಳಿದ ನೆಲದ ಮೊದಲಿನ ಸ್ಥಿತಿ.

ಹೋದ ತಿಂಗಳು ನನ್ನ ಹೆಸರಿಗೆ ಬಂದ ಒಂದು ಕಾಗದ ತರಲು ಹಳೆ ಮನೆಗೆ ಹೋಗಿದ್ದೆ. ಹೊಸ ಬಾಡಿಗೆದಾರರು ಒಳ್ಳೆಯವರು, ಕಾಫಿ ಕೊಟ್ಟರು. ಹಾಲಿನಲ್ಲಿ ಕೂತು ಅಭ್ಯಾಸ ಬಲದಿಂದ ಗೋಡೆ ನೋಡಿದೆ. ಬಣ್ಣ ಅದೇ ಹಳೆಯದು. ನನ್ನ ಕ್ಯಾಲೆಂಡರಿನ ಮೂರು ತೂತು ಇದ್ದಲ್ಲೇ ಇದ್ದವು. ನಾನು ಕೇಳದಿದ್ದರೂ ಅವರು ಕರಾರಿನ ಪ್ರತಿ ತಂದು ತೋರಿಸಿದರು, ಓನರ್ ಎಷ್ಟು ಅಚ್ಚುಕಟ್ಟು ಮನುಷ್ಯ ಎಂದು ಹೊಗಳಲು. ನೂರು ಪುಟದ ನೋಟ್‌ಬುಕ್ಕಿನ ಅದೇ ದುಂಡು ಅಕ್ಷರ:

‘ಹಾಲ್: ಮೊಳೆ ತೂತು 7. ಹಳೇದು.’